ಅಪ್ಪ ಅಮ್ಮನ ಜೊತೆ ಪ್ರಾಗ್: ಒಂದೇ ಊರಿಗೆ ಒಂದು ವಾರ ಜಾಸ್ತಿ ಆಗುತ್ತಾ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಮೇ ಕೊನೆಯಲ್ಲಿ ಅಪ್ಪ ಅಮ್ಮನನ್ನು ಯುರೋಪಿಗೆ ಕರೆದುಕೊಂಡು ಹೋಗಬೇಕು ಅಂತ ಇದ್ದೇನೆ. ಅಪ್ಪನಿಗೆ 68, ಅಮ್ಮನಿಗೆ 63. ಅಮ್ಮನಿಗೆ ಮಂಡಿ ನೋವು. ಸಮತಟ್ಟಾಗಿದ್ದರೆ ಆರಾಮವಾಗಿ ನಡೆಯುತ್ತಾರೆ, ಮೆಟ್ಟಿಲು ಅಂದರೆ ಕಷ್ಟ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಚೆಕ್ ದೇಶದ ರಾಜಧಾನಿ ಪ್ರಾಗ್ ಒಂದೇ ಊರಿನಲ್ಲಿ ಒಂದು ವಾರ ಇದ್ದು ನಿಧಾನವಾಗಿ ನೋಡಬೇಕು ಅಂತ ನನ್ನ ಆಸೆ. ತಮ್ಮ ಮಾತ್ರ ಒಪ್ಪುತ್ತಿಲ್ಲ. ಅಷ್ಟು ದುಡ್ಡು ಹಾಕಿ ಹೋಗಿ ಒಂದೇ ಊರಾ, ವಿಯೆನ್ನಾ ಬುಡಾಪೆಸ್ಟ್ ಎರಡನ್ನೂ ಸೇರಿಸು ಅಂತ ಹಟ ಹಿಡಿದಿದ್ದಾನೆ. ಹೋಗಿ ಬಂದವರು ಹೇಳಿ, ಒಂದು ವಾರ ತುಂಬುವಷ್ಟು ಇದೆಯಾ ಅಲ್ಲಿ? ಕೋಟೆ ಗುಡ್ಡದ ಮೇಲಿದೆಯಂತೆ, ಅಮ್ಮನಿಗೆ ಆಗುತ್ತದೆಯಾ?

ಘಟಪ್ರಭಾ:
ನಿಮ್ಮ ತಮ್ಮ ಹೇಳುವುದೇ ಸರಿ. ವೀಸಾ ಒಂದೇ, ವಿಮಾನದ ಖರ್ಚು ಒಂದೇ. ಪ್ರಾಗ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟ್‌ಗೆ ಎರಡೂವರೆ ಗಂಟೆ ಚಿಲ್ಲರೆ. ನಮ್ಮ ಕಡೆಯ ಹಿರಿಯರು ಮತ್ತೆ ಮತ್ತೆ ಯುರೋಪಿಗೆ ಹೋಗುತ್ತಾರಾ? ಹೋದಾಗಲೇ ಮೂರು ರಾಜಧಾನಿ ನೋಡಿಬಿಡಲಿ. ಪ್ರಾಗ್‌ಗೆ ಎರಡು ದಿನ ಸಾಕು. ಗಡಿಯಾರ, ಸೇತುವೆ, ಕೋಟೆ, ಮುಗಿಯಿತು.

ಸಂಜೆಮಲ್ಲಿಗೆ:
ನಾಲ್ಕು ಗಂಟೆ ಅನ್ನುವುದು ರೈಲಿನೊಳಗಿನ ಲೆಕ್ಕ ಮಾತ್ರ ಸರ್. ಬೆಳಿಗ್ಗೆ ಬಟ್ಟೆ ತುಂಬಬೇಕು, ರೂಮು ಖಾಲಿ ಮಾಡಬೇಕು, ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್‌ಗೆ ಹೋಗಬೇಕು, ಆ ಕಡೆ ಇಳಿದು ಮತ್ತೆ ಹೋಟೆಲ್ ಹುಡುಕಬೇಕು, ರೂಮು ಕೊಡುವುದೇ ಮಧ್ಯಾಹ್ನದ ಮೇಲೆ. ಒಂದು ಊರು ಬದಲಾಯಿಸಿದರೆ ಒಂದು ಹಗಲು ಹೋಯಿತು ಅಂತಲೇ ಲೆಕ್ಕ. ಅರವತ್ತು ದಾಟಿದವರಿಗೆ ಇದೇ ಸುಸ್ತು, ನಡೆಯುವುದಲ್ಲ. ನಮ್ಮ ಅತ್ತೆ ಮಾವ ಒಂದು ಪ್ಯಾಕೇಜ್ ಟೂರಿನಲ್ಲಿ ಹೋಗಿ ಬಂದರು. ಬಂದ ಮೇಲೆ ಫೋಟೋ ನೋಡಿ ಇದು ಯಾವ ಊರು ಅಂತ ಅವರವರೇ ಕೇಳಿಕೊಳ್ಳುತ್ತಿದ್ದರು. ನನಗೆ ತುಂಬಾ ಬೇಜಾರಾಯಿತು. ಒಂದು ವಾರ ಪ್ರಾಗ್‌ನಲ್ಲೇ ಇರಿ ಅಕ್ಕ.

ಪ್ರಾಗ್ ಕನ್ನಡತಿ:
ನಾನು ಇಲ್ಲೇ ಕೆಲಸದಲ್ಲಿ ಇದ್ದೇನೆ. ಒಂದು ವಾರ ಖಂಡಿತ ಜಾಸ್ತಿ ಅಲ್ಲ. ಮೊದಲು ಮಂಡಿಯ ವಿಷಯ ಹೇಳುತ್ತೇನೆ, ಯಾಕೆಂದರೆ ಅದರ ಮೇಲೇ ಉಳಿದದ್ದೆಲ್ಲ ನಿಂತಿದೆ.

ಕೋಟೆಗೆ ಕೆಳಗಿನಿಂದ ಹತ್ತಬೇಡಿ. 22ನೇ ನಂಬರ್ ಟ್ರಾಮ್ ಹಿಡಿದು ಕೋಟೆಯ ಸ್ಟಾಪಿನಲ್ಲಿ ಇಳಿದರೆ ಅಲ್ಲಿಂದ ಹೆಚ್ಚುಕಡಿಮೆ ಸಮತಟ್ಟು, ಒಂದು ಸೇತುವೆ ದಾಟಿದರೆ ಅಂಗಳಕ್ಕೇ ಹೋಗುತ್ತೀರಿ. ಇನ್ನೂ ಎರಡು ಸ್ಟಾಪ್ ಮುಂದೆ ಹೋಗಿ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿದರೆ ಸ್ಟ್ರಾಹೋವ್ ಮಠ ಸಿಗುತ್ತದೆ. 1143ರಲ್ಲಿ ಶುರುವಾದ ಮಠ ಅದು, ಅದರ ಗ್ರಂಥಾಲಯ ನೋಡಲೇಬೇಕು. ಅಲ್ಲಿಂದ ಕೋಟೆಗೆ ಇಳಿಜಾರು. ಹೀಗೆ ಮೇಲಿನಿಂದ ಕೆಳಕ್ಕೆ ಬರುವ ಹಾಗೆ ಯೋಜನೆ ಹಾಕಿ. ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಮಾತ್ರ ಇದೆ. ಮಧ್ಯಾಹ್ನ 12ಕ್ಕೆ ಕಾವಲುಗಾರರು ಬದಲಾಗುವಾಗ ಕಹಳೆ ಊದುತ್ತಾರೆ, ಅಪ್ಪನಿಗೆ ಇಷ್ಟವಾಗುತ್ತದೆ. ಸೇಂಟ್ ವೈಟಸ್ ಕ್ಯಾಥೆಡ್ರಲ್ ಒಳಗೆ ಕೂತುಕೊಂಡು ನೋಡಿ, ಅವಸರ ಮಾಡಬೇಡಿ. 1344ರಲ್ಲಿ ಶುರುವಾದ ಕಟ್ಟಡ ಪೂರ್ತಿ ಆಗಿದ್ದು 1929ರಲ್ಲಿ.

ಕಾಲುದಾರಿ:
ಕೋಟೆ ನೋಡಿದ ಮೇಲೆ ಪೂರ್ವದ ಕಡೆಯ ಹಳೇ ಮೆಟ್ಟಿಲುಗಳಲ್ಲಿ ಇಳಿದು ಬಂದರೆ ಊರಿನ ಕೆಂಪು ಹೆಂಚುಗಳು ಪೂರ್ತಿ ಕಾಣುತ್ತವೆ. ಅದನ್ನು ಬಿಡಬೇಡಿ.

ಸಂಜೆಮಲ್ಲಿಗೆ:
ಮಂಡಿ ನೋವಿದ್ದವರಿಗೆ ಮೆಟ್ಟಿಲು ಇಳಿಯುವುದೇ ಹತ್ತುವುದಕ್ಕಿಂತ ಕಷ್ಟ. ನಮ್ಮಮ್ಮನನ್ನು ದಿನಾ ನೋಡುತ್ತೇನೆ, ಹತ್ತಿಬಿಡುತ್ತಾರೆ, ಇಳಿಯುವಾಗ ಗೋಡೆ ಹಿಡಿಯುತ್ತಾರೆ.

ಪ್ರಾಗ್ ಕನ್ನಡತಿ:
ಸಂಜೆಮಲ್ಲಿಗೆ ಹೇಳಿದ್ದು ನೂರಕ್ಕೆ ನೂರು ಸರಿ. ಅಮ್ಮನನ್ನು ಆ ಮೆಟ್ಟಿಲುಗಳ ಕಡೆ ಕರೆದುಕೊಂಡು ಹೋಗಬೇಡಿ. ಊರು ನೋಡುವುದಕ್ಕೆ ಕೋಟೆಯ ಮುಂದಿನ ಚೌಕದ ಗೋಡೆ ಪಕ್ಕ ನಿಂತರೆ ಸಾಕು, ಅಷ್ಟೇ ಚೆನ್ನಾಗಿ ಕಾಣುತ್ತದೆ. ವಾಪಸ್ ಅದೇ ಟ್ರಾಮ್ ಸ್ಟಾಪಿಗೆ ಬಂದು 22 ಹಿಡಿದು ಇಳಿಯಿರಿ. ಇನ್ನೊಂದು ಮಾತು, ರಸ್ತೆಯೆಲ್ಲ ಕಲ್ಲು ಹಾಸು. ಮೆತ್ತನೆಯ ದಪ್ಪ ಅಡಿಯ ಶೂ ಹಾಕಿಸಿ, ಚಪ್ಪಲಿ ಬೇಡವೇ ಬೇಡ. ಹೋಟೆಲ್ ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ.

ತುಂಗಾತೀರ:
22ನೇ ಟ್ರಾಮಿನಲ್ಲಿ ಜೇಬುಗಳ್ಳರು ಇರುತ್ತಾರೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿ ಇಡಿ.

ಮಳೆಬಿಲ್ಲು:
ಅಯ್ಯೋ ಎಷ್ಟು ಉಪಯೋಗ ಆಯಿತು! ಟ್ರಾಮ್ ವಿಷಯ ಗೊತ್ತೇ ಇರಲಿಲ್ಲ. ದುಡ್ಡು ಹೇಗೆ? ಯೂರೋ ತಗೊಂಡು ಹೋದರೆ ನಡೆಯುತ್ತದೆಯಾ?

ಲೆಕ್ಕದ ಪುಸ್ತಕ:
ಚೆಕ್ ದೇಶ ಯುರೋಪ್ ಒಕ್ಕೂಟದಲ್ಲಿ ಇದೆ, ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಾದ ಷೆಂಗೆನ್‌ನಲ್ಲೂ ಇದೆ, ಆದರೆ ದುಡ್ಡು ಯೂರೋ ಅಲ್ಲ, ಕೊರುನಾ. ಕೆಲವು ಅಂಗಡಿಯವರು ಯೂರೋ ತಗೊಳ್ಳುತ್ತಾರೆ, ರೇಟು ಅವರದ್ದೇ, ನಿಮಗೆ ನಷ್ಟ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಕಾರ್ಡ್ ಮಿಷನ್ ಅಥವಾ ಎಟಿಎಂ "ರೂಪಾಯಿಯಲ್ಲಿ ಕಟ್ಟುತ್ತೀರಾ, ಕೊರುನಾದಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಯಾವಾಗಲೂ ಕೊರುನಾ ಒತ್ತಿ. ರೂಪಾಯಿ ಒತ್ತಿದರೆ ಅವರ ರೇಟು ಬೀಳುತ್ತದೆ. ಎಟಿಎಂ ಬೇಕಾದರೆ ಬ್ಯಾಂಕಿನ ಗೋಡೆಯಲ್ಲಿ ಇರುವುದನ್ನು ಬಳಸಿ, ಪ್ರವಾಸಿ ಬೀದಿಯಲ್ಲಿ ಒಂಟಿಯಾಗಿ ನಿಂತಿರುವುದು ಬೇಡ.

ದುಡ್ಡು ಬದಲಾಯಿಸುವ ಅಂಗಡಿಯಲ್ಲಿ ಮೋಸ ಆದರೆ ಹೆದರಬೇಡಿ. 2019ರಿಂದ ಒಂದು ಕಾನೂನು ಇದೆ. 1000 ಯೂರೋ ಒಳಗಿನ ವಹಿವಾಟಾದರೆ ಮೂರು ಗಂಟೆಯೊಳಗೆ ರಸೀದಿ ಹಿಡಿದು ಹೋಗಿ ರದ್ದು ಮಾಡಿಸಬಹುದು, ಅವರು ವಾಪಸ್ ಕೊಡಲೇಬೇಕು. ನನ್ನ ಸಹೋದ್ಯೋಗಿ ಒಬ್ಬರು ಹೀಗೇ ವಾಪಸ್ ತಗೊಂಡರು. ರಸೀದಿ ಮಾತ್ರ ಬಿಡಬೇಡಿ. ಬೀದಿಯಲ್ಲಿ ಯಾರಾದರೂ ಬಂದು ಒಳ್ಳೆ ರೇಟು ಕೊಡುತ್ತೇನೆ ಅಂದರೆ ನಿಲ್ಲಲೇಬೇಡಿ, ಬೇರೆ ದೇಶದ ಹಳೇ ನೋಟು ಕೈಗಿಟ್ಟು ಮಾಯ ಆಗುತ್ತಾರೆ.

ಘಟಪ್ರಭಾ:
ನೋಡಿ, ಇಷ್ಟೆಲ್ಲ ತಲೆನೋವು. ವಿಯೆನ್ನಾದಲ್ಲಿ ಯೂರೋ, ಸುಮ್ನೆ ಹೋಗಿ ಸುಮ್ನೆ ಬನ್ನಿ.

ಲೆಕ್ಕದ ಪುಸ್ತಕ:
ನೀವು ಹೇಳಿದ ಬುಡಾಪೆಸ್ಟ್‌ನಲ್ಲೂ ಯೂರೋ ಇಲ್ಲ ಸರ್, ಅಲ್ಲಿ ಫೋರಿಂಟ್. ಮೂರು ಊರು ಅಂದರೆ ಮೂರು ಬಗೆಯ ದುಡ್ಡು.

ಬೆಳಗಿನ ಬಸ್ಸು:
ವಿಮಾನ ನಿಲ್ದಾಣದಿಂದ ಊರಿಗೆ 119 ಬಸ್ ಹಿಡಿಯಿರಿ. ಮೆಟ್ರೋ ಸ್ಟೇಷನ್ ತನಕ ಬಿಡುತ್ತದೆ.

ಪ್ರಾಗ್ ಕನ್ನಡತಿ:
119 ಈಗ ಇಲ್ಲ. 2024ರಲ್ಲಿ ಅದರ ಬದಲು 59ನೇ ನಂಬರ್ ಟ್ರಾಲಿಬಸ್ ಬಂದಿದೆ, ತಂತಿಯಿಂದ ಕರೆಂಟ್ ತಗೊಂಡು ಓಡುತ್ತದೆ. ನಾದ್ರಾಜಿ ವೆಲೆಸ್ಲಾವಿನ್ ಅನ್ನುವ ಸ್ಟೇಷನ್‌ನಲ್ಲಿ ಇಳಿದು ಹಸಿರು ಲೈನ್ ಮೆಟ್ರೋ ಹಿಡಿದರೆ ಹಳೇ ಊರಿಗೇ ಬರುತ್ತೀರಿ. ಕಾಗದದ ಟಿಕೆಟ್ ತಗೊಂಡರೆ ಹಳದಿ ಮಿಷನ್ನಿನಲ್ಲಿ ಮುದ್ರೆ ಒತ್ತಲೇಬೇಕು. ಮುದ್ರೆ ಇಲ್ಲದ ಟಿಕೆಟ್ ಇಟ್ಟುಕೊಂಡರೆ ಟಿಕೆಟ್ ಇಲ್ಲದ ಹಾಗೇ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ದಂಡ ಬೀಳುತ್ತದೆ. ಟ್ರಾಮಿನೊಳಗಿನ ಮಿಷನ್‌ಗೆ ಕಾರ್ಡ್ ತೋರಿಸಿ ತಗೊಂಡ ಟಿಕೆಟ್‌ಗೆ ಮುದ್ರೆ ಬೇಕಿಲ್ಲ, ಸಮಯ ಅದರಲ್ಲೇ ಇರುತ್ತದೆ.

ಬೆಳಗಿನ ಬಸ್ಸು:
ಓ, ಸರಿ. ನಾನು ಹೋಗಿದ್ದು ಕೋವಿಡ್‌ಗೆ ಮುಂಚೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್.

ಹುಣಸೆಮರ:
ಹಳೇ ಊರಿನ ಪುರಭವನದ ಗೋಡೆಯಲ್ಲಿರುವ, ಎಲ್ಲರೂ ಹೊಗಳುವ ಆ ಗಡಿಯಾರಕ್ಕೆ ಕಾಯಬೇಡಿ. ಗಂಟೆಗೊಮ್ಮೆ ಎರಡು ಕಿಟಕಿ ತೆಗೆದು ಹನ್ನೆರಡು ಗೊಂಬೆ ತಿರುಗುತ್ತವೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕೆ ಸಾವಿರ ಜನ ಮೊಬೈಲ್ ಎತ್ತಿಕೊಂಡು ನಿಂತಿರುತ್ತಾರೆ.

ಕಾಲುದಾರಿ:
ಗೊಂಬೆ ನೋಡುವುದಕ್ಕೆ ಹೋದರೆ ಹಾಗೇ ಅನಿಸುತ್ತದೆ. ಗೊಂಬೆಗಳು ಆಮೇಲೆ ಬಂದದ್ದು. ನೋಡಬೇಕಾಗಿದ್ದು ಗಡಿಯಾರದ ಮುಖ. ಅದು 1410ರದ್ದು, ಇವತ್ತಿಗೂ ಓಡುತ್ತಿದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ತುಂಬಿದ್ದಾನೆ, ಸೂರ್ಯ ಯಾವಾಗ ಹುಟ್ಟುತ್ತಾನೆ ಮುಳುಗುತ್ತಾನೆ, ಎಲ್ಲ ಒಂದೇ ಮುಖದಲ್ಲಿ ಇದೆ. ನಮ್ಮ ಪಂಚಾಂಗವನ್ನೇ ಗೋಡೆಗೆ ನಿಲ್ಲಿಸಿ ತಿರುಗುವಂತೆ ಮಾಡಿದ ಹಾಗೆ. ಹೊರಗಿನ ಉಂಗುರ ಇನ್ನೂ ವಿಶೇಷ. ಹಳೇ ಬೊಹೆಮಿಯಾದವರು, ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗದವರು, ದಿನವನ್ನು ಸೂರ್ಯ ಮುಳುಗಿದಾಗಿನಿಂದ ಎಣಿಸುತ್ತಿದ್ದರು, ಆ ಉಂಗುರ ಅದನ್ನೇ ತೋರಿಸುತ್ತದೆ. ಅಪ್ಪನಿಗೆ ಪಂಚಾಂಗ ನೋಡುವ ಅಭ್ಯಾಸ ಇದ್ದರೆ ಅರ್ಧ ಗಂಟೆ ಅಲ್ಲೇ ನಿಲ್ಲುತ್ತಾರೆ.

ಹುಣಸೆಮರ:
ಅದನ್ನು ಮಾಡಿದ ಹನುಶ್ ಅನ್ನುವವನ ಕಣ್ಣು ಕೀಳಿಸಿದರಂತೆ, ಬೇರೆ ಊರಿಗೆ ಇಂಥದ್ದು ಮಾಡಿಕೊಡಬಾರದು ಅಂತ. ಗೈಡ್ ಹೇಳಿದರು.

ಕಾಲುದಾರಿ:
ಅದು ಕಟ್ಟುಕಥೆ. ಮಾಡಿದವನು ಕಾದಾನ್ ಊರಿನ ಮಿಕುಲಾಶ್ ಅನ್ನುವ ಗಡಿಯಾರ ಕೆಲಸಗಾರ. ಲೆಕ್ಕ ಹಾಕಿಕೊಟ್ಟವರು ಯಾನ್ ಶಿಂಡೆಲ್ ಅನ್ನುವ ಖಗೋಳಶಾಸ್ತ್ರಿ ಅಂತ ಹೇಳುತ್ತಾರೆ. ಎಷ್ಟೋ ಕಾಲ ಹನುಶ್‌ನ ಹೆಸರೇ ನಡೆಯಿತು. ಹಳೇ ದಾಖಲೆ ಸಿಕ್ಕಿದ ಮೇಲೆ ಸರಿಹೋಯಿತು. ಗಡಿಯಾರಕ್ಕೆ ನಿಜವಾಗಿ ಪೆಟ್ಟು ಬಿದ್ದದ್ದು 1945ರ ಮೇ ತಿಂಗಳಲ್ಲಿ. ಯುದ್ಧ ಮುಗಿಯುವ ಕೊನೇ ದಿನಗಳಲ್ಲಿ ಜರ್ಮನ್ ಸೈನ್ಯ ಅಲ್ಲಿ ಗುಂಡು ಹಾರಿಸಿತು. ಪುರಭವನಕ್ಕೆ ಬೆಂಕಿ ಬಿತ್ತು, ಮರದ ಗೊಂಬೆಗಳು ಸುಟ್ಟುಹೋದವು. ಈಗ ಇರುವವು ಆಮೇಲೆ ಮಾಡಿದವು.

ತುಂಗಾತೀರ:
ಚಾರ್ಲ್ಸ್ ಸೇತುವೆಗೂ ಮುಹೂರ್ತ ಇಟ್ಟಿದ್ದರಂತಲ್ಲ? 1357, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5:31. ಬರೆದರೆ ಹಿಂದೆ ಮುಂದೆ ಎರಡೂ ಕಡೆಯಿಂದ ಒಂದೇ.

ಕಾಲುದಾರಿ:
ವರ್ಷ ಸರಿ. ಗಂಟೆ ನಿಮಿಷದ ಲೆಕ್ಕ ನಮ್ಮ ಕಾಲದವರು ಹಾಕಿದ್ದು. ಸೇತುವೆ ಕಟ್ಟಿಸಿದ ನಾಲ್ಕನೇ ಚಾರ್ಲ್ಸ್ ದೊರೆಗೆ ಜ್ಯೋತಿಷದಲ್ಲಿ ಆಸಕ್ತಿ ಇದ್ದದ್ದು ನಿಜ, ಅದಕ್ಕೇ ಜನ ಒಪ್ಪಿಕೊಂಡಿದ್ದಾರೆ. ಸೇತುವೆ ಮೇಲೆ 30 ವಿಗ್ರಹಗಳಿವೆ, ಹೆಚ್ಚಿನವು ನಕಲು. ಅಸಲಿ ವಿಗ್ರಹಗಳನ್ನು ಮಳೆ ಹೊಗೆಯಿಂದ ಉಳಿಸುವುದಕ್ಕೆ ಒಳಗೆ ಇಟ್ಟಿದ್ದಾರೆ. 1890ರ ಪ್ರವಾಹದಲ್ಲಿ ಸೇತುವೆಯ ಕಮಾನುಗಳೇ ಕುಸಿದಿದ್ದವು. 2002ರಲ್ಲಿ ವಲ್ಟವಾ ನದಿ ಮತ್ತೆ ಉಕ್ಕಿ ಮೆಟ್ರೋ ಸುರಂಗಕ್ಕೇ ನೀರು ನುಗ್ಗಿತು, ಆಗ ಸೇತುವೆ ನಿಂತಿತು.

ಸೇತುವೆಗೆ ಬೆಳಿಗ್ಗೆ ಆರಕ್ಕೆ ಹೋಗಿ. ಮೇ ಕೊನೆಯಲ್ಲಿ ಐದು ಗಂಟೆಗೆಲ್ಲ ಬೆಳಕು. ನಮ್ಮ ಹಿರಿಯರು ಹೇಗೂ ಬೇಗ ಏಳುತ್ತಾರೆ, ಅಲ್ವಾ? ಹತ್ತು ಗಂಟೆಯ ಮೇಲೆ ಹೋದರೆ ಬರೀ ತಲೆಗಳು.

ರೊಟ್ಟಿ ಎಣ್ಣೆಗಾಯಿ:
ಎಲ್ಲರೂ ಇತಿಹಾಸ ಹೇಳುತ್ತಿದ್ದೀರಿ, ಊಟದ ಮಾತು ಯಾರೂ ಆಡಿಲ್ಲ! ಮೊಟ್ಟೆ ಇಲ್ಲದ ಸಸ್ಯಾಹಾರ ಅಂದರೆ ಅಲ್ಲಿನ ಸಾಂಪ್ರದಾಯಿಕ ಹೋಟೆಲ್‌ಗಳಲ್ಲಿ ನಿಜವಾಗಿ ಕಷ್ಟ. ಹುರಿದ ಚೀಸ್ ಸಿಗುತ್ತದೆ, ಆದರೆ ಹೊರಗಿನ ಪದರಕ್ಕೆ ಮೊಟ್ಟೆ ಹಚ್ಚಿರುತ್ತಾರೆ. ಆಲೂಗಡ್ಡೆ ದೋಸೆ ತರಹದ್ದು ಒಂದು ಇದೆ, ಅದರಲ್ಲೂ ಸಾಮಾನ್ಯವಾಗಿ ಮೊಟ್ಟೆ. ಸೂಪ್ ತರಕಾರಿಯದ್ದು ಅಂತ ಕಂಡರೂ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, ಕೇಳಿಯೇ ತಗೊಳ್ಳಿ. ಹಾಗಂತ ಉಪವಾಸ ಇರಬೇಕಿಲ್ಲ. ಭಾರತೀಯ ಹೋಟೆಲ್‌ಗಳು ಬೇಕಾದಷ್ಟಿವೆ, ಸಸ್ಯಾಹಾರದ ಹೋಟೆಲ್‌ಗಳೂ ಇವೆ. ಆದರೆ ಒಂದು ವಾರ ಇರುವುದಾದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಳ್ಳಿ. ಅಕ್ಕಿ, ಮೊಸರು, ತರಕಾರಿ, ಹಣ್ಣು ಎಲ್ಲ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಊರಿಂದ ತಗೊಂಡು ಹೋಗಿ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ತಿಂದು ಹೊರಟರೆ ಅಮ್ಮ ದಿನವಿಡೀ ಖುಷಿಯಾಗಿರುತ್ತಾರೆ.

ಧಾರವಾಡದ ಅಕ್ಕ:
ತುಪ್ಪ ಮತ್ತು ಪೇಡೆ ಮಾತ್ರ ತಗೊಂಡು ಹೋಗಬೇಡಿ! ಹೊರಗಿನ ದೇಶದಿಂದ ಯುರೋಪ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವ ಹಾಗಿಲ್ಲ. ನಮ್ಮ ಪರಿಚಯದವರು ಪೇಡೆ ಡಬ್ಬಿ ಕಟ್ಟಿಕೊಂಡು ಹೋಗಿದ್ದರು, ಕಸ್ಟಮ್ಸ್‌ನಲ್ಲಿ ಎಲ್ಲ ತೆಗೆದು ಬಿಸಾಡಿದರು. ಪುಡಿಗಳಿಗೆ ತೊಂದರೆ ಇಲ್ಲ.

ಹುಣಸೆಮರ:
ಬೀದಿಯಲ್ಲಿ ಕೋಲಿಗೆ ಸುತ್ತಿ ಸುಡುವ ಸಕ್ಕರೆ ರೊಟ್ಟಿ ಇದೆಯಲ್ಲ, ಟ್ರಡೆಲ್ನಿಕ್, ಅದು ಚೆನ್ನಾಗಿರುತ್ತದೆ. ಪ್ರಾಗ್‌ನ ಹಳೇ ತಿಂಡಿ.

ಪ್ರಾಗ್ ಕನ್ನಡತಿ:
ರುಚಿ ಚೆನ್ನಾಗಿದೆ, ಒಪ್ಪುತ್ತೇನೆ. ಪ್ರಾಗ್‌ನ ಹಳೇ ತಿಂಡಿ ಅಲ್ಲ. ಸ್ಲೊವಾಕಿಯಾ ಕಡೆಯದ್ದು, ಪ್ರವಾಸಿಗಳಿಗಾಗಿ ಈಚೆಗೆ ಇಲ್ಲಿ ಹಬ್ಬಿದೆ. ಇಲ್ಲಿನವರು ತಿನ್ನುವುದು ನಾನು ನೋಡಿಲ್ಲ. ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಹಾಗಾಗಿ ಅಮ್ಮನಿಗೆ ಬೇಡ.

ಮಳೆಬಿಲ್ಲು:
ಅಪಾರ್ಟ್‌ಮೆಂಟ್ ಅಂತ ನಿರ್ಧಾರ ಮಾಡಿದೆ. ಇನ್ನೊಂದು ಕೇಳಬೇಕಿತ್ತು. ನಮ್ಮ ಮನೆ ಈಜಿಪುರದಲ್ಲಿ. ಅಮ್ಮ ಎಷ್ಟೋ ವರ್ಷದಿಂದ ಗುರುವಾರ ವಿವೇಕನಗರದ ಬಾಲಯೇಸು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಮನೆಯಲ್ಲಿ ರಾಘವೇಂದ್ರ ಸ್ವಾಮಿ ಪೂಜೆಯೂ ಗುರುವಾರವೇ, ಎರಡನ್ನೂ ಬಿಡುವುದಿಲ್ಲ. ಆ ಬಾಲಯೇಸು ಮೂಲ ಪ್ರಾಗ್‌ನದ್ದು ಅಂತ ಯಾರೋ ಹೇಳಿದರಂತೆ. ನಿಜವಾ?

ಫಾತಿಮಾ ಬೇಕರಿ ಹತ್ತಿರ:
ನಿಜ ನಿಜ! ಇನ್‌ಫೆಂಟ್ ಜೀಸಸ್ ಆಫ್ ಪ್ರಾಗ್ ಅಂತಲೇ ಹೆಸರು. ನಾನು ವಿವೇಕನಗರದಲ್ಲೇ ಬೆಳೆದವಳು. ಗುರುವಾರ ಆ ರಸ್ತೆಯಲ್ಲಿ ಕಾಲಿಡುವುದಕ್ಕೆ ಜಾಗ ಇರುವುದಿಲ್ಲ, ಎಲ್ಲ ಧರ್ಮದವರೂ ಬರುತ್ತಾರೆ. ನಿಮ್ಮಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ.

ಪ್ರಾಗ್ ಕನ್ನಡತಿ:
ಮೂಲ ವಿಗ್ರಹ ಕೋಟೆಯ ಕೆಳಗಿನ ಮಾಲಾ ಸ್ತ್ರಾನಾ ಬಡಾವಣೆಯ ಕಾರ್ಮೆಲಿಟ್‌ಸ್ಕಾ ರಸ್ತೆಯ ಚರ್ಚಿನಲ್ಲಿ ಇದೆ. ಟ್ರಾಮ್ ಚರ್ಚಿನ ಹತ್ತಿರವೇ ನಿಲ್ಲುತ್ತದೆ. ಒಳಗೆ ಹೋಗುವುದಕ್ಕೆ ಟಿಕೆಟ್ ಇಲ್ಲ. ವಿಗ್ರಹ ಚಿಕ್ಕದು, ಅರ್ಧ ಮೀಟರ್‌ಗೂ ಕಡಿಮೆ, ಮರಕ್ಕೆ ಮೇಣದ ಲೇಪ. ಸ್ಪೇನ್‌ನಿಂದ ಬಂದದ್ದು. ಪೊಲಿಕ್ಸೆನಾ ಅನ್ನುವ ಶ್ರೀಮಂತ ಮನೆತನದ ಹೆಂಗಸು 1628ರಲ್ಲಿ ಮಠಕ್ಕೆ ಕೊಟ್ಟರು. ಹಬ್ಬ, ಕಾಲಕ್ಕೆ ತಕ್ಕಂತೆ ಬಟ್ಟೆ ಬದಲಾಯಿಸುತ್ತಾರೆ. ಮೇಲಿನ ಒಂದು ಕೋಣೆಯಲ್ಲಿ ಬೇರೆ ಬೇರೆ ದೇಶದವರು ಕೊಟ್ಟ ಬಟ್ಟೆಗಳನ್ನು ಇಟ್ಟಿದ್ದಾರೆ, ರಾಣಿ ಮರಿಯಾ ತೆರೇಸಾ ಕೊಟ್ಟದ್ದೂ ಇದೆ. ಆ ಕೋಣೆಗೆ ಸುತ್ತು ಮೆಟ್ಟಿಲು ಹತ್ತಬೇಕು, ಅಮ್ಮ ಕೆಳಗೇ ಕೂತು ನೋಡಲಿ. ನನ್ನ ಕೇಳಿದರೆ ನಿಮ್ಮ ಮೊದಲ ಗುರುವಾರ ಅಲ್ಲೇ ಹೋಗಿ.

ಘಟಪ್ರಭಾ:
ಇದು ಗೊತ್ತಿರಲಿಲ್ಲ. ಅಮ್ಮನಿಗೆ ಅಷ್ಟು ನಂಬಿಕೆ ಇದ್ದರೆ ಪ್ರಾಗ್‌ನಲ್ಲೇ ಜಾಸ್ತಿ ದಿನ ಇರುವುದು ಒಪ್ಪುವ ಮಾತೇ. ಆದರೂ ವಿಯೆನ್ನಾಕ್ಕೆ ಎರಡು ರಾತ್ರಿ ಕೊಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಯಾದವಗಿರಿ:
ಅಪ್ಪನಿಗೆ ಏನು ಇಷ್ಟ ಅಂತ ಯಾರೂ ಕೇಳಲಿಲ್ಲವಲ್ಲ. ಮೈಸೂರಿನವನಾಗಿ ಇದನ್ನು ಹೇಳದೆ ಇರುವುದಕ್ಕೆ ಆಗುವುದಿಲ್ಲ. ಜಾವಾ ಬೈಕ್ ಹುಟ್ಟಿದ್ದು ಪ್ರಾಗ್‌ನಲ್ಲಿ, 1929ರಲ್ಲಿ. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಅವರ ಲೈಸೆನ್ಸ್ ತಗೊಂಡೇ ಶುರುವಾದದ್ದು. ನಮ್ಮ ದೊಡ್ಡಪ್ಪ ಅಲ್ಲೇ ಕೆಲಸಕ್ಕಿದ್ದರು. ಪ್ರಾಗ್‌ನ ಲೆಟ್ನಾ ಗುಡ್ಡದ ಮೇಲೆ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ ಇದೆ. ಒಂದು ದೊಡ್ಡ ಹಾಲ್ ತುಂಬ ಹಳೇ ಕಾರು, ರೈಲು ಎಂಜಿನ್, ಬೈಕು, ಮೇಲೆ ವಿಮಾನ ನೇತುಹಾಕಿದ್ದಾರೆ. ಅಪ್ಪ ಅಲ್ಲಿಂದ ಹೊರಗೆ ಬರುವುದಿಲ್ಲ ನೋಡಿ.

ತುಂಗಾತೀರ:
ಯೆಜ್ದಿ ಅಲ್ವಾ ಮೈಸೂರಿನದ್ದು? 1960ರಿಂದಲೇ ಯೆಜ್ದಿ ಬರುತ್ತಿತ್ತು ಅಂತ ಕೇಳಿದ್ದೆ.

ಯಾದವಗಿರಿ:
ಕಂಪನಿ ಶುರುವಾದದ್ದು 1960. ಮೊದಲು ಬಂದದ್ದು ಜಾವಾ ಹೆಸರಲ್ಲೇ, 250 ಸಿಸಿಯದ್ದು. ಯೆಜ್ದಿ ಅನ್ನುವ ಹೆಸರು ಬಂದದ್ದು 1973ರಿಂದ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಅದು ಮುಚ್ಚಿದಾಗ ಎಷ್ಟು ಮನೆಗಳಿಗೆ ಪೆಟ್ಟು ಬಿತ್ತು ಅಂತ ನಾವು ಕಣ್ಣಾರೆ ನೋಡಿದ್ದೇವೆ. ಈಗಲೂ ನಮ್ಮ ಕಡೆ ಮೆಕ್ಯಾನಿಕ್‌ಗಳು ಆ ಬೈಕುಗಳನ್ನು ಜೀವ ಇಟ್ಟು ಕಾಪಾಡುತ್ತಿದ್ದಾರೆ.

ಮಳೆಬಿಲ್ಲು:
ಯಾದವಗಿರಿ ಸರ್, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಅಪ್ಪನ ಹತ್ತಿರ ಯೆಜ್ದಿ ರೋಡ್‌ಕಿಂಗ್ ಇತ್ತು. ಕಿಕ್ಕರೇ ಗೇರ್ ಆಗುವ ವಿಷಯ ಶುರುಮಾಡಿದವರು ಇನ್ನೂ ನಿಲ್ಲಿಸಿಲ್ಲ. ಈ ತನಕ "ನೀನು ಹೇಳಿದ ಕಡೆ ಬರುತ್ತೇನೆ" ಅನ್ನುತ್ತಿದ್ದರು, ಈಗ ಮ್ಯೂಸಿಯಂ ಯಾವ ದಿನ ಅಂತ ಕೇಳುತ್ತಿದ್ದಾರೆ.

ಬಿಳಿಗಿರಿ:
ಖುಷಿಯ ಜಾಗಗಳ ಜೊತೆ ಎರಡು ಜಾಗ ನನ್ನ ಕಡೆಯಿಂದ ಸೇರಿಸಿ. ಒಂದು ರೆಸ್ಲೋವಾ ರಸ್ತೆಯ ಚರ್ಚು. 1942ರ ಮೇ 27ರಂದು ನಾಜಿ ಅಧಿಕಾರಿ ಹೈಡ್ರಿಶ್ ಮೇಲೆ ದಾಳಿ ಮಾಡಿದ ಗಾಬ್ಚಿಕ್, ಕುಬಿಶ್ ಮತ್ತು ಅವರ ಐದು ಜನ ಜೊತೆಗಾರರು ಅಲ್ಲೇ ಅಡಗಿದ್ದರು. ಜೂನ್ 18ರಂದು ಸೈನ್ಯ ಸುತ್ತುವರಿಯಿತು. ಏಳು ಜನರೂ ಕೊನೇ ತನಕ ಹೋರಾಡಿ ಸತ್ತರು. ನೆಲಮಾಳಿಗೆಯ ಕಿಟಕಿ ಸುತ್ತ ಗುಂಡಿನ ಗುರುತು ಇನ್ನೂ ಹಾಗೇ ಇದೆ, ರಸ್ತೆಯಲ್ಲೇ ನಿಂತು ನೋಡಬಹುದು. ಹೈಡ್ರಿಶ್ ಸತ್ತದ್ದಕ್ಕೆ ಸೇಡು ಅಂತ ಲಿಡಿಟ್ಸೆ ಅನ್ನುವ ಹಳ್ಳಿಯನ್ನೇ ನಾಶ ಮಾಡಿದರು.

ಇನ್ನೊಂದು ಪಿಂಕಾಸ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ನಾಜಿಗಳ ಕೈಯಲ್ಲಿ ಕೊಲೆಯಾದ ಸುಮಾರು 80 ಸಾವಿರ ಯಹೂದಿಗಳ ಹೆಸರನ್ನು ಗೋಡೆಗಳ ಮೇಲೆ ಕೈಯಲ್ಲೇ ಬರೆದಿದ್ದಾರೆ. ಹೆಸರು, ಹುಟ್ಟಿದ ದಿನ, ಊರು. ಓದುತ್ತಾ ಹೋದರೆ ಒಂದೇ ಮನೆಯ ಹೆಸರುಗಳು ಸಾಲಾಗಿ ಬರುತ್ತವೆ. ಮೇಲಿನ ಮಹಡಿಯಲ್ಲಿ ನಾಜಿಗಳ ಟೆರೆಜಿನ್ ಸೆರೆ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಇದನ್ನೆಲ್ಲ ಎರಡು ದಿನದಲ್ಲಿ ಓಡಿಕೊಂಡು ನೋಡುವುದು ನನಗೆ ಸರಿ ಕಾಣುವುದಿಲ್ಲ.

ಸಂಜೆಮಲ್ಲಿಗೆ:
ರಜೆಗೆ ಹೋದ ವಯಸ್ಸಾದವರಿಗೆ ಇದು ಭಾರ ಆಗುವುದಿಲ್ಲವಾ?

ಬಿಳಿಗಿರಿ:
ಭಾರ ಆಗುತ್ತದೆ. ಆದರೆ ಹಿರಿಯರಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ ಅನ್ನುವುದು ನನ್ನ ಅನುಭವ. ನಮ್ಮ ತಂದೆ ಹೊರಗೆ ಬಂದು ಬೆಂಚಿನ ಮೇಲೆ ಕೂತು ಬಹಳ ಹೊತ್ತು ತಮ್ಮ ಬಾಲ್ಯದ ನೆರೆಮನೆಯವರ ವಿಷಯ ಹೇಳಿದರು. ಯಾವತ್ತೂ ಹೇಳಿರಲಿಲ್ಲ. ಅದೇ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ, ಸಂಜೆ ನದಿ ಮೇಲೆ ದೋಣಿ ಸಾಕು.

ಕಾಲುದಾರಿ:
ಒಂದು ದಿನ ಕುಟ್ನಾ ಹೋರಾಗೆ ರೈಲಿನಲ್ಲಿ ಹೋಗಿ ಬನ್ನಿ, ಒಂದು ಗಂಟೆ ದಾರಿ. ಹಳೇ ಬೆಳ್ಳಿ ಗಣಿಯ ಊರು. ಮನುಷ್ಯರ ಮೂಳೆಗಳಿಂದ ಅಲಂಕರಿಸಿದ ಚರ್ಚು ಅಮ್ಮನಿಗೆ ಬೇಡ ಅನಿಸಿದರೆ ಬಿಡಿ, ಊರೇ ಚೆನ್ನಾಗಿದೆ. ಕಾರ್ಲ್‌ಸ್ಟೈನ್ ಕೋಟೆ ಮಾತ್ರ ಬೇಡ, ಸ್ಟೇಷನ್‌ನಿಂದ ಏರು ದಾರಿ.

ಲೆಕ್ಕದ ಪುಸ್ತಕ:
ವೀಸಾ ಬಗ್ಗೆ ಒಂದು ಮಾತು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು. ಒಂದೇ ಊರು ಅಂದರೆ ಗೊಂದಲವೇ ಇಲ್ಲ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಈಗಲೇ ನೋಡಿ. ಶುಲ್ಕ ದೊಡ್ಡವರಿಗೆ 90 ಯೂರೋ. ವಿಮೆ 30,000 ಯೂರೋಗೆ ಕಡಿಮೆ ಇರಬಾರದು. ಅಪ್ಪ ಅಮ್ಮನಿಗೆ ಬಿಪಿ ಶುಗರ್ ಇದ್ದರೆ ಮುಂಚೆಯೇ ಇರುವ ಕಾಯಿಲೆಗೂ ಖರ್ಚು ಕೊಡುವ ವಿಮೆ ಹುಡುಕಿ, ಅಗ್ಗದ್ದಕ್ಕೆ ಹೋಗಬೇಡಿ.

ಮಳೆಬಿಲ್ಲು:
ತಮ್ಮನಿಗೆ ಇಡೀ ಚರ್ಚೆ ಕಳಿಸಿದೆ. ಅಪ್ಪನೇ ಅವನಿಗೆ ಫೋನ್ ಮಾಡಿ ಒಂದೇ ಊರು ಸಾಕು ಅಂದರು. ಹಾಗಾಗಿ ಒಂದು ವಾರ ಪ್ರಾಗ್, ನಡುವೆ ಒಂದು ದಿನ ಕುಟ್ನಾ ಹೋರಾ. ಬುಧವಾರ ಹೋಗಿ ಇಳಿಯುತ್ತೇವೆ. ಗುರುವಾರ ಬಾಲಯೇಸು, ಶುಕ್ರವಾರ ಕೋಟೆ, ಶನಿವಾರ ಪಿಂಕಾಸ್, ಸೋಮವಾರ ಮ್ಯೂಸಿಯಂ. ಸರಿ ಇದೆಯಾ?

ಪ್ರಾಗ್ ಕನ್ನಡತಿ:
ಎರಡು ಬದಲಾಯಿಸಿ. ಶನಿವಾರ ಪಿಂಕಾಸ್ ಮತ್ತು ಅದರ ಪಕ್ಕದ ಯಹೂದಿ ಸ್ಮಶಾನ ಮುಚ್ಚಿರುತ್ತವೆ, ಅದನ್ನು ಭಾನುವಾರಕ್ಕೆ ಹಾಕಿ. ತಾಂತ್ರಿಕ ಮ್ಯೂಸಿಯಂಗೆ ಸೋಮವಾರ ರಜೆ, ಅಪ್ಪನನ್ನು ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕರೆದುಕೊಂಡು ಹೋಗಿ. ಸೋಮವಾರ ಕುಟ್ನಾ ಹೋರಾ.